ಲಿಸ್ಪ್ ಬೈನರಿಗೆ ಕೊಟ್ಟ ಆರ್ಗ್ಯುಮೆಂಟ್ ಎಲ್ಲಿ ಕಳೆದುಹೋಯಿತು?

ಆರ್‌ಇಪಿಎಲ್‌ನಲ್ಲಿ (ಲಿಸ್ಪ್ ಸಾಲುಗಳನ್ನು ಟೈಪ್ ಮಾಡಿ ಕೂಡಲೇ ಓಡಿಸಿ ನೋಡುವ ಪ್ರಾಂಪ್ಟ್) ಪ್ರೋಗ್ರಾಂ ಸರಿಯಾಗಿ ಓಡುತ್ತದೆ. ಅದನ್ನೇ ಒಂದು ಸ್ವತಂತ್ರ ಬೈನರಿ (ನೇರವಾಗಿ ಓಡಿಸಬಹುದಾದ ಫೈಲ್) ಮಾಡಿ ಟರ್ಮಿನಲ್‌ನಲ್ಲಿ ಓಡಿಸಿದರೆ ಎಡವಟ್ಟು ಶುರು. ‘--ಹೆಲ್ಪ್’ ಎಂದು ಕೊಟ್ಟರೆ ನೀವು ಬರೆದ ಸಹಾಯದ ಪಠ್ಯ ಬರುವುದಿಲ್ಲ, ಬೇರೆ ಏನೋ ಬರುತ್ತದೆ. ಇಲ್ಲವೇ ಏನೇ ಆರ್ಗ್ಯುಮೆಂಟ್ (ಪ್ರೋಗ್ರಾಂ ಹೆಸರಿನ ನಂತರ ಟೈಪ್ ಮಾಡುವ ಪದ) ಕೊಟ್ಟರೂ ಪ್ರೋಗ್ರಾಂ ‘ಏನೂ ಕೊಟ್ಟಿಲ್ಲ’ ಎನ್ನುತ್ತದೆ. ಆಗ ಎಲ್ಲರೂ ಮೊದಲು ಅನುಮಾನ ಪಡುವುದು ಆಪ್ಷನ್ (‘--’ನಿಂದ ಶುರುವಾಗುವ ಆರ್ಗ್ಯುಮೆಂಟ್) ಪಾರ್ಸ್ ಮಾಡುವ, ಅಂದರೆ ಬಿಡಿಸಿ ಓದುವ ಲೈಬ್ರರಿಯ ಮೇಲೆ. ನನ್ನ ಅನುಭವದಲ್ಲಿ ತಪ್ಪು ಅಲ್ಲಿರುವುದು ಕಡಿಮೆ. ಆ ಲೈಬ್ರರಿಯ ಕೈಗೆ ಆರ್ಗ್ಯುಮೆಂಟ್‌ಗಳ ಲಿಸ್ಟ್ ಸೇರುವ ಮೊದಲೇ ಏನೋ ಆಗಿರುತ್ತದೆ.

ಇಲ್ಲಿ ಹೆಚ್ಚಾಗಿ ಎಸ್‌ಬಿಸಿಎಲ್ (ಕಾಮನ್ ಲಿಸ್ಪ್‌ನ ಒಂದು ಇಂಪ್ಲಿಮೆಂಟೇಶನ್, ಅಂದರೆ ಆ ಭಾಷೆಯನ್ನು ಓಡಿಸುವ ಸಾಫ್ಟ್‌ವೇರ್) ಬಗ್ಗೆ ಹೇಳುತ್ತೇನೆ, ಬೈನರಿ ಮಾಡಲು ಜಾಸ್ತಿ ಜನ ಬಳಸುವುದು ಅದನ್ನೇ. ಉದಾಹರಣೆಗೆ ‘ಎಣಿಕೆ’ ಎಂಬ ಪುಟ್ಟ ಪ್ರೋಗ್ರಾಂ ಇಟ್ಟುಕೊಳ್ಳೋಣ. ಫೈಲ್ ಹೆಸರು ಕೊಟ್ಟರೆ ಅದರಲ್ಲಿರುವ ಸಾಲುಗಳನ್ನು ಎಣಿಸುತ್ತದೆ, ಅಷ್ಟೇ. ಕೋಡಿನ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಅವುಗಳ ಮೂಲ ರೂಪ ಬಳಸಬೇಕು.

ಮೊದಲು ಬರೀ ಲಿಸ್ಟ್ ನೋಡಿ

ಕಾಮನ್ ಲಿಸ್ಪ್‌ನ ಆನ್ಸಿ ಸ್ಟ್ಯಾಂಡರ್ಡ್ 1994ರದ್ದು. ಕಮಾಂಡ್ ಲೈನ್ ಆರ್ಗ್ಯುಮೆಂಟ್‌ಗಳನ್ನು ಹೇಗೆ ಪಡೆಯಬೇಕು ಎಂಬ ಬಗ್ಗೆ ಅದು ಏನೂ ಹೇಳುವುದಿಲ್ಲ. ಹಾಗಾಗಿ ಪ್ರತಿ ಇಂಪ್ಲಿಮೆಂಟೇಶನ್ ತನ್ನದೇ ಹೆಸರು ಇಟ್ಟುಕೊಂಡಿದೆ, ತನ್ನದೇ ನಿಯಮ ಮಾಡಿಕೊಂಡಿದೆ. ಎಸ್‌ಬಿಸಿಎಲ್‌ನಲ್ಲಿ ಆ ಹೆಸರು ‘ಎಸ್‌ಬಿ-ಎಕ್ಸ್‌ಟ್:*ಪಾಸಿಕ್ಸ್-ಆರ್ಗ್‌ವಿ*’. ಇದು ಸ್ಟ್ರಿಂಗ್‌ಗಳ ಲಿಸ್ಟ್. ಮೊದಲ ಸ್ಟ್ರಿಂಗ್ ಪ್ರೋಗ್ರಾಂನ ಹೆಸರು, ಉಳಿದವು ಬಳಕೆದಾರರು ಕೊಟ್ಟವು.

ಹಾಗಾಗಿ ಲೈಬ್ರರಿಯನ್ನು ಪಕ್ಕಕ್ಕಿಟ್ಟು ಇಷ್ಟನ್ನು ಮಾತ್ರ ಬೈನರಿ ಮಾಡಿ:

(ಡಿಫನ್ ಮೇನ್ ()
  (ಫಾರ್ಮ್ಯಾಟ್ ಟಿ "~ಎಸ್~%" ಎಸ್‌ಬಿ-ಎಕ್ಸ್‌ಟ್:*ಪಾಸಿಕ್ಸ್-ಆರ್ಗ್‌ವಿ*)
  (ಫಿನಿಶ್-ಔಟ್‌ಪುಟ್))

(ಎಸ್‌ಬಿ-ಎಕ್ಸ್‌ಟ್:ಸೇವ್-ಲಿಸ್ಪ್-ಆ್ಯಂಡ್-ಡೈ "ಎಣಿಕೆ"
  :ಎಕ್ಸಿಕ್ಯೂಟಬಲ್ ಟಿ
  :ಟಾಪ್‌ಲೆವೆಲ್ #'ಮೇನ್)

‘~ಎ’ ಬದಲು ‘~ಎಸ್’ ಬಳಸಿರುವುದಕ್ಕೆ ಕಾರಣ ಇದೆ. ‘~ಎಸ್’ ಪ್ರತಿ ಸ್ಟ್ರಿಂಗ್‌ಗೂ ಕೊಟೇಶನ್ ಹಾಕಿ ತೋರಿಸುತ್ತದೆ. ‘ನನ್ನ ಫೈಲ್’ ಎಂಬುದು ಒಂದೇ ಆರ್ಗ್ಯುಮೆಂಟ್ ಆಗಿ ಬಂತೋ ಎರಡಾಗಿ ಒಡೆಯಿತೋ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಎರಡಾಗಿದ್ದರೆ ಅದು ಶೆಲ್ (ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ) ಮಾಡಿದ ಕೆಲಸ. ಟರ್ಮಿನಲ್‌ನಲ್ಲಿ ಕೊಟೇಶನ್ ಹಾಕಿಲ್ಲ, ಅಷ್ಟೇ. ನಕ್ಷತ್ರ ಚಿಹ್ನೆ ಕೊಟ್ಟದ್ದು ಹತ್ತಾರು ಫೈಲ್ ಹೆಸರುಗಳಾಗಿ ಬಂದಿದ್ದರೂ ಅದೇ ಕಥೆ. ಶೆಲ್ ಅದನ್ನು ಬಿಡಿಸಿ ಕೊಟ್ಟಿದೆ, ಲಿಸ್ಪ್‌ಗೆ ಅದರ ಸುಳಿವೇ ಇಲ್ಲ.

ಇನ್ನು ಮುಂದೆ ಕೇಳಬೇಕಾದ ಪ್ರಶ್ನೆ ಎರಡೇ. ಆರ್ಗ್ಯುಮೆಂಟನ್ನು ನಡುವೆ ಯಾರು ತೆಗೆದುಕೊಂಡರು? ನಮ್ಮ ಕೋಡ್ ಆ ಲಿಸ್ಟನ್ನು ಓದಿದ್ದು ಯಾವಾಗ?

‘--ಹೆಲ್ಪ್’ ಕೊಟ್ಟರೆ ಎಸ್‌ಬಿಸಿಎಲ್‌ನ ಸಹಾಯ ಬರುತ್ತದೆ

ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ ಇದು. ‘./ಎಣಿಕೆ --ವರ್ಶನ್’ ಎಂದರೆ ನಿಮ್ಮ ಆವೃತ್ತಿ ಸಂಖ್ಯೆಯ ಬದಲು ಎಸ್‌ಬಿಸಿಎಲ್‌ನ ಆವೃತ್ತಿ ಸಂಖ್ಯೆ ಬರುತ್ತದೆ. ನಿಮ್ಮ ‘ಮೇನ್’ ಓಡಿರುವುದೇ ಇಲ್ಲ.

ಸ್ವತಂತ್ರ ಬೈನರಿ ಎಂದರೂ ಅದರೊಳಗೆ ಎರಡು ಭಾಗ ಇರುತ್ತವೆ. ಒಂದು, ಸಿ ಭಾಷೆಯಲ್ಲಿ ಬರೆದ ರನ್‌ಟೈಮ್. ಇನ್ನೊಂದು, ಅದರ ಬಾಲಕ್ಕೆ ಅಂಟಿಸಿದ ಲಿಸ್ಪ್ ಇಮೇಜ್, ಅಂದರೆ ನಿಮ್ಮ ಕೋಡ್ ಸೇರಿದಂತೆ ಲಿಸ್ಪ್ ಮೆಮೊರಿಯ ಉಳಿಸಿಟ್ಟ ಪ್ರತಿ. ಇಮೇಜನ್ನು ಎಬ್ಬಿಸುವ ಮೊದಲು ರನ್‌ಟೈಮ್ ಕಮಾಂಡ್ ಲೈನ್ ಮೇಲೆ ಕಣ್ಣಾಡಿಸುತ್ತದೆ. ತನಗೆ ಗೊತ್ತಿರುವ ಆಪ್ಷನ್ ಕಂಡರೆ ಎತ್ತಿಕೊಳ್ಳುತ್ತದೆ. ‘--ಹೆಲ್ಪ್’, ‘--ವರ್ಶನ್’, ‘--ನೋಇನ್‌ಫಾರ್ಮ್’, ‘--ಡೈನಮಿಕ್-ಸ್ಪೇಸ್-ಸೈಜ್’, ‘--ಕಂಟ್ರೋಲ್-ಸ್ಟ್ಯಾಕ್-ಸೈಜ್’ ಇವೆಲ್ಲ ಅದರ ಪಟ್ಟಿಯಲ್ಲಿವೆ. ಮೊದಲ ಎರಡು ಸಿಕ್ಕರೆ ಮುದ್ರಿಸಿ ಅಲ್ಲೇ ಪ್ರೋಗ್ರಾಂ ಮುಗಿಸಿಬಿಡುತ್ತದೆ. ಉಳಿದವನ್ನು ಬಳಸಿಕೊಂಡು ಲಿಸ್ಟ್‌ನಿಂದ ತೆಗೆದುಹಾಕುತ್ತದೆ. ಕ್ಲಿಂಗಾನ್‌ನಂಥ ಲೈಬ್ರರಿ ‘--ಹೆಲ್ಪ್’ ಮತ್ತು ‘--ವರ್ಶನ್’ ಎರಡನ್ನೂ ತಾನಾಗಿಯೇ ಸೇರಿಸಿಕೊಡುತ್ತದೆ. ಸರಿಯಾಗಿ ಅವೆರಡೇ ರನ್‌ಟೈಮ್ ಬಾಯಿಗೆ ಬೀಳುತ್ತವೆ, ನೋಡಿ.

ಇದೇ ಕಾರಣವೋ ಅಲ್ಲವೋ ಎಂದು ಪತ್ತೆ ಮಾಡಲು ಒಂದು ಸುಲಭ ಪರೀಕ್ಷೆ ಇದೆ. ರನ್‌ಟೈಮ್ ಎಡದಿಂದ ನೋಡುತ್ತಾ ಬಂದು, ತನಗೆ ಗೊತ್ತಿಲ್ಲದ ಮೊದಲ ಪದ ಸಿಕ್ಕ ಕೂಡಲೇ ನಿಲ್ಲಿಸುತ್ತದೆ. ಹಾಗಾಗಿ ಆಪ್ಷನ್‌ಗೆ ಮುಂಚೆ ಸುಮ್ನೆ ಒಂದು ಅರ್ಥವಿಲ್ಲದ ಪದ ಹಾಕಿ:

./ಎಣಿಕೆ --ಹೆಲ್ಪ್
./ಎಣಿಕೆ ಏನೋ --ಹೆಲ್ಪ್
./ಎಣಿಕೆ --ಎಂಡ್-ರನ್‌ಟೈಮ್-ಆಪ್ಷನ್ಸ್ --ಹೆಲ್ಪ್

ಮೊದಲನೆಯದಕ್ಕೆ ಎಸ್‌ಬಿಸಿಎಲ್‌ನ ಪಠ್ಯ ಬಂದು, ಎರಡನೆಯದಕ್ಕೂ ಮೂರನೆಯದಕ್ಕೂ ನಿಮ್ಮ ಲಿಸ್ಟ್ ಬಂದರೆ ರೋಗ ಸಿಕ್ಕಿತು. ‘ಕೆಲವು ಸಲ ಕೆಲಸ ಮಾಡುತ್ತೆ, ಕೆಲವು ಸಲ ಇಲ್ಲ’ ಎಂಬ ದೂರಿನ ಹಿಂದೆಯೂ ಸಾಮಾನ್ಯವಾಗಿ ಇದೇ ಇರುತ್ತದೆ. ಫೈಲ್ ಹೆಸರನ್ನು ಮೊದಲು ಬರೆಯುವವರಿಗೆ ಎಲ್ಲ ಸರಿ, ಆಪ್ಷನ್ ಮೊದಲು ಬರೆಯುವವರಿಗೆ ತೊಂದರೆ.

ಪರಿಹಾರ ಒಂದೇ ಸಾಲು. ಸೇವ್ ಮಾಡುವಾಗ ಇದನ್ನು ಸೇರಿಸಿ:

  :ಸೇವ್-ರನ್‌ಟೈಮ್-ಆಪ್ಷನ್ಸ್ ಟಿ

ಹೆಸರು ನೋಡಿದರೆ ಏನನ್ನೋ ಉಳಿಸಿಡುತ್ತದೆ ಎನಿಸುತ್ತದೆ. ಉಳಿಸುವುದೂ ನಿಜ. ಎಸ್‌ಬಿಸಿಎಲ್ ಶುರು ಮಾಡಿದಾಗ ಹೀಪ್‌ಗೂ ಸ್ಟ್ಯಾಕ್‌ಗೂ ಎಷ್ಟು ಮೆಮೊರಿ ಜಾಗ ಕೊಟ್ಟಿದ್ದಿರೋ ಆ ಅಳತೆಗಳು ಬೈನರಿಯೊಳಗೆ ಕೂರುತ್ತವೆ. ಆದರೆ ನಮಗೆ ಬೇಕಾದದ್ದು ಅದರ ಇನ್ನೊಂದು ಪರಿಣಾಮ: ರನ್‌ಟೈಮ್ ಇನ್ನು ಕಮಾಂಡ್ ಲೈನ್ ಮುಟ್ಟುವುದಿಲ್ಲ, ಎಲ್ಲವನ್ನೂ ನಿಮ್ಮ ಕೋಡಿಗೆ ಬಿಡುತ್ತದೆ.

ಇದಕ್ಕೊಂದು ಬೆಲೆ ಇದೆ, ಅದು ತಿಂಗಳುಗಳ ನಂತರ ಎದುರಾಗಬಹುದು. ದೊಡ್ಡ ಫೈಲ್ ಕೊಟ್ಟಾಗ ಹೀಪ್ ತುಂಬಿ ಪ್ರೋಗ್ರಾಂ ಸಾಯುತ್ತದೆ. ಆಗ ‘./ಎಣಿಕೆ --ಡೈನಮಿಕ್-ಸ್ಪೇಸ್-ಸೈಜ್ 4096’ ಎಂದರೆ ಹೀಪ್ ದೊಡ್ಡದಾಗುವುದಿಲ್ಲ, ಆ ಪದಗಳು ಸೀದಾ ನಿಮ್ಮ ಪಾರ್ಸರ್‌ಗೆ ಹೋಗಿ ‘ಇದು ಯಾವ ಆಪ್ಷನ್’ ಎಂಬ ದೋಷ ಬರುತ್ತದೆ. ಹೀಪ್ ಅಳತೆಯನ್ನು ಬಿಲ್ಡ್ ಮಾಡುವ, ಅಂದರೆ ಬೈನರಿ ತಯಾರಿಸುವ ಹೊತ್ತಿಗೇ ತೀರ್ಮಾನಿಸಬೇಕು. ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಎಸ್‌ಬಿಸಿಎಲ್ ಅನ್ನೇ ‘--ಡೈನಮಿಕ್-ಸ್ಪೇಸ್-ಸೈಜ್ 4096’ ಜೊತೆ ಶುರು ಮಾಡಿ. ಸಂಖ್ಯೆಯ ಮುಂದೆ ಏನೂ ಬರೆಯದಿದ್ದರೆ ಅದು ಮೆಗಾಬೈಟ್ ಲೆಕ್ಕ. ಬಳಕೆದಾರರು ಓಡಿಸುವ ಯಾವುದೇ ಪ್ರೋಗ್ರಾಂಗೆ ಈ ಬೆಲೆ ಕೊಡುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಹೀಪ್ ಅಳತೆ ಬದಲಿಸುವವರು ನೂರಕ್ಕೆ ಒಬ್ಬರೂ ಇರಲಿಕ್ಕಿಲ್ಲ, ‘--ಹೆಲ್ಪ್’ ಎಲ್ಲರೂ ಹೊಡೆಯುತ್ತಾರೆ.

ಕಾಮನ್ ಲಿಸ್ಪ್‌ನ ಬಿಲ್ಡ್ ಟೂಲ್ ಆದ ಎಎಸ್‌ಡಿಎಫ್‌ನ ‘ಪ್ರೋಗ್ರಾಂ-ಆಪ್’ ಮೂಲಕ ಬೈನರಿ ಮಾಡುವವರಿಗೆ ಈ ತೊಂದರೆ ಬರುವುದಿಲ್ಲ. ಅದರ ಕೆಳಗಿರುವ ಯುಐಒಪಿ ಎಂಬ ಲೈಬ್ರರಿ ಈ ಸಾಲನ್ನು ತಾನೇ ಹಾಕುತ್ತದೆ. ನಿಮ್ಮ ಒಂದು ಪ್ರಾಜೆಕ್ಟ್‌ನಲ್ಲಿ ಸರಿ ಇದ್ದು ಇನ್ನೊಂದರಲ್ಲಿ ತಪ್ಪಿದ್ದರೆ, ಎರಡನ್ನೂ ಯಾವ ದಾರಿಯಲ್ಲಿ ಬಿಲ್ಡ್ ಮಾಡಿದ್ದೀರಿ ಎಂದು ಹೋಲಿಸಿ ನೋಡಿ.

ಬೈನರಿ ಓಡಿಸಿದರೆ ಸೀದಾ ನಕ್ಷತ್ರ ಚಿಹ್ನೆಯ ಪ್ರಾಂಪ್ಟ್ ಬಂದು ಕೂತರೆ ಅದು ಬೇರೆ ವಿಷಯ. ‘:ಟಾಪ್‌ಲೆವೆಲ್’ ಕೊಡುವುದು ಮರೆತಿದೆ. ಆಗ ಓಡುವುದು ಎಸ್‌ಬಿಸಿಎಲ್‌ನ ಮಾಮೂಲಿ ಟಾಪ್‌ಲೆವೆಲ್. ಅದು ‘--ಇವಾಲ್’, ‘--ಲೋಡ್’ ಎಲ್ಲವನ್ನೂ ನಿಷ್ಠೆಯಿಂದ ಪಾಲಿಸುತ್ತದೆ. ಅಂಥ ಬೈನರಿಯನ್ನು ಬೇರೆಯವರ ಕೈಗೆ ಕೊಡಬೇಡಿ.

ಏನು ಕೊಟ್ಟರೂ ಹಳೆಯದನ್ನೇ ತೋರಿಸುತ್ತದೆ

ಪುಟ್ಟ ಬೈನರಿಯಲ್ಲಿ ಲಿಸ್ಟ್ ಸರಿಯಾಗಿ ಬಂತು, ಆದರೆ ನಿಜವಾದ ಪ್ರೋಗ್ರಾಂಗೆ ಮಾತ್ರ ಆರ್ಗ್ಯುಮೆಂಟ್ ಕಾಣುತ್ತಿಲ್ಲ ಎಂದರೆ ಎರಡನೇ ಪ್ರಶ್ನೆಗೆ ಬನ್ನಿ: ಓದಿದ್ದು ಯಾವಾಗ? ಕೋಡಿನಲ್ಲಿ ಇಂಥ ಸಾಲು ಇದೆಯಾ ಹುಡುಕಿ:

(ಡಿಫ್‌ಪ್ಯಾರಾಮೀಟರ್ *ಆರ್ಗ್ಸ್*
  (ರೆಸ್ಟ್ ಎಸ್‌ಬಿ-ಎಕ್ಸ್‌ಟ್:*ಪಾಸಿಕ್ಸ್-ಆರ್ಗ್‌ವಿ*))

ನೋಡಲು ಏನೂ ತಪ್ಪಿಲ್ಲ ಅಲ್ವಾ? ಆದರೆ ಈ ಸಾಲು ಓಡುವುದು ಫೈಲ್ ಲೋಡ್ ಆಗುವಾಗ, ಅಂದರೆ ಬಿಲ್ಡ್ ಸಮಯದಲ್ಲಿ. ಆ ಗಳಿಗೆಯ ಲಿಸ್ಟ್ ಇಮೇಜ್ ಜೊತೆ ಡಿಸ್ಕ್‌ಗೆ ಹೋಯಿತು. ಬೈನರಿ ಶುರುವಾದಾಗ ‘*ಪಾಸಿಕ್ಸ್-ಆರ್ಗ್‌ವಿ*’ಗೆ ಹೊಸ ಬೆಲೆ (ವ್ಯಾಲ್ಯೂ) ಬರುತ್ತದೆ, ಎಸ್‌ಬಿಸಿಎಲ್ ಅದನ್ನು ನೋಡಿಕೊಳ್ಳುತ್ತದೆ. ನಿಮ್ಮ ‘*ಆರ್ಗ್ಸ್*’ಗೆ ಯಾರೂ ಹೊಸ ಬೆಲೆ ಕೊಡುವುದಿಲ್ಲ. ಅದರಲ್ಲಿ ಬಿಲ್ಡ್ ಮಾಡಿದ ದಿನದ ಲಿಸ್ಟೇ ಇರುತ್ತದೆ, ಬಹಳ ಸಲ ಖಾಲಿ ಲಿಸ್ಟ್. ಆರ್‌ಇಪಿಎಲ್‌ನಲ್ಲಿ ಪರೀಕ್ಷಿಸುವಾಗ ನಾವೇ ಕೈಯಿಂದ ಬೆಲೆ ಹಾಕಿಕೊಂಡಿರುತ್ತೇವೆ, ಹಾಗಾಗಿ ದೋಷ ಅಲ್ಲಿ ಕಾಣುವುದೇ ಇಲ್ಲ.

ಖಾತ್ರಿ ಮಾಡಿಕೊಳ್ಳಲು ‘ಮೇನ್’ ಒಳಗೆ ಎರಡನ್ನೂ ಒಂದರ ಕೆಳಗೆ ಒಂದು ಮುದ್ರಿಸಿ. ಬೇರೆ ಬೇರೆ ಬಂದರೆ ಇದೇ. ಪರಿಹಾರ, ವೇರಿಯಬಲನ್ನು ಖಾಲಿ ಬಿಟ್ಟು ‘ಮೇನ್’ನ ಮೊದಲ ಸಾಲಿನಲ್ಲಿ ತುಂಬುವುದು. ಅದಕ್ಕಿಂತ ಚೆನ್ನಾದದ್ದು, ಆ ವೇರಿಯಬಲನ್ನೇ ತೆಗೆದು ಲಿಸ್ಟನ್ನು ಫಂಕ್ಷನ್‌ನಿಂದ ಫಂಕ್ಷನ್‌ಗೆ ದಾಟಿಸುವುದು. ಇದೇ ಜಾತಿಯ ದೋಷ ಪರಿಸರ ವೇರಿಯಬಲ್, ಈಗಿನ ಸಮಯ, ಮನೆ ಡೈರೆಕ್ಟರಿ ಇವನ್ನೆಲ್ಲ ಟಾಪ್‌ಲೆವೆಲ್‌ನಲ್ಲಿ ಓದಿಟ್ಟುಕೊಂಡ ಕಡೆಯೂ ಸಿಗುತ್ತದೆ. ಒಂದು ಸಿಕ್ಕಿತೆಂದರೆ ‘ಡಿಫ್‌ವಾರ್’, ‘ಡಿಫ್‌ಪ್ಯಾರಾಮೀಟರ್’, ‘ಲೋಡ್-ಟೈಮ್-ವ್ಯಾಲ್ಯೂ’ ಇರುವ ಎಲ್ಲ ಸಾಲುಗಳನ್ನೂ ಒಮ್ಮೆ ನೋಡಿಬಿಡಿ.

ಫೈಲಿನ ಕೊನೆಯಲ್ಲಿ ‘(ಮೇನ್)’ ಎಂದು ಕರೆ ಬರೆದಿಟ್ಟಿದ್ದರೂ ಇದರ ಇನ್ನೊಂದು ಮುಖ ಕಾಣುತ್ತದೆ. ‘ಮೇನ್’ ಬಿಲ್ಡ್ ಹೊತ್ತಿನಲ್ಲೇ ಓಡುತ್ತದೆ. ಕೊನೆಯಲ್ಲಿ ‘ಎಕ್ಸಿಟ್’ ಇದ್ದರೆ ಬಿಲ್ಡ್ ಅಲ್ಲಿಗೇ ಮುಗಿದು ಬೈನರಿ ತಯಾರಾಗುವುದೇ ಇಲ್ಲ, ದೋಷದ ಸಂದೇಶವೂ ಇರುವುದಿಲ್ಲ.

ಯುಐಒಪಿ ಬಳಸುವವರಿಗೆ

ಬೇರೆ ಬೇರೆ ಇಂಪ್ಲಿಮೆಂಟೇಶನ್‌ಗಳಲ್ಲಿ ಓಡಬೇಕೆಂದು ಯುಐಒಪಿ ಬಳಸುವುದು ಒಳ್ಳೆಯದೇ. ಆದರೆ ಅಲ್ಲಿ ಒಂದೇ ಹೆಸರಿನ ಎರಡು ವಸ್ತುಗಳಿವೆ. ‘ಯುಐಒಪಿ:*ಕಮಾಂಡ್-ಲೈನ್-ಆರ್ಗ್ಯುಮೆಂಟ್ಸ್*’ ಒಂದು ವೇರಿಯಬಲ್. ‘(ಯುಐಒಪಿ:ಕಮಾಂಡ್-ಲೈನ್-ಆರ್ಗ್ಯುಮೆಂಟ್ಸ್)’ ಒಂದು ಫಂಕ್ಷನ್. ಬೈನರಿ ಏಳುವಾಗ ವೇರಿಯಬಲ್‌ಗೆ ಹೊಸ ಬೆಲೆ ತುಂಬುವುದು ‘ಯುಐಒಪಿ:ರಿಸ್ಟೋರ್-ಇಮೇಜ್’ ನಡೆಸುವ ಹುಕ್‌ಗಳು, ಅಂದರೆ ಶುರುವಿನಲ್ಲಿ ತಾವಾಗಿಯೇ ಓಡುವ ಫಂಕ್ಷನ್‌ಗಳು. ಎಎಸ್‌ಡಿಎಫ್ ಮೂಲಕ ಅಥವಾ ‘ಯುಐಒಪಿ:ಡಂಪ್-ಇಮೇಜ್’ ಮೂಲಕ ಬಿಲ್ಡ್ ಮಾಡಿದರೆ ಅದು ತಾನಾಗಿಯೇ ನಡೆಯುತ್ತದೆ. ನೀವೇ ನೇರವಾಗಿ ‘ಸೇವ್-ಲಿಸ್ಪ್-ಆ್ಯಂಡ್-ಡೈ’ ಕರೆದಿದ್ದರೆ ನಡೆಯುವುದಿಲ್ಲ, ವೇರಿಯಬಲ್‌ನಲ್ಲಿ ಮತ್ತೆ ಬಿಲ್ಡ್ ಸಮಯದ ಲಿಸ್ಟ್. ಫಂಕ್ಷನ್ ಆದರೆ ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕುತ್ತದೆ. ಎಸ್‌ಬಿಸಿಎಲ್‌ನಲ್ಲಿ ಫಂಕ್ಷನ್ ಕರೆದರೆ ಸಾಕು.

ಕ್ಲೋಜರ್ ಸಿಎಲ್ (ಸಿಸಿಎಲ್) ಎಂಬ ಇನ್ನೊಂದು ಇಂಪ್ಲಿಮೆಂಟೇಶನ್‌ನಲ್ಲಿ ಅಷ್ಟೂ ಸಾಲದು. ‘ಸಿಸಿಎಲ್:ಸೇವ್-ಅಪ್ಲಿಕೇಶನ್’ ನೇರವಾಗಿ ಕರೆದು ಮಾಡಿದ ಬೈನರಿಯಲ್ಲಿ, ತಾನು ಸ್ವತಂತ್ರ ಬೈನರಿಯೊಳಗೆ ಇದ್ದೇನೆ ಎಂದು ಯುಐಒಪಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಅದು ಕಮಾಂಡ್ ಲೈನ್‌ನಲ್ಲಿ ಬರೀ ‘--’ ಎಂಬ ಗುರುತು ಹುಡುಕಿ, ಅದರ ನಂತರದ ಪದಗಳನ್ನು ಮಾತ್ರ ಕೊಡುತ್ತದೆ. ಗುರುತು ಇಲ್ಲವೆಂದರೆ ಖಾಲಿ ಲಿಸ್ಟ್. ‘./ಎಣಿಕೆ ಫೈಲ್’ ಎಂದಾಗ ಏನೂ ಬರದೆ ‘./ಎಣಿಕೆ -- ಫೈಲ್’ ಎಂದಾಗ ಬಂದರೆ ಇದೇ ಕಾರಣ. ಬಿಲ್ಡನ್ನು ‘ಡಂಪ್-ಇಮೇಜ್’ಗೆ ಬದಲಿಸಿ, ಇಲ್ಲವೇ ‘ಸಿಸಿಎಲ್:*ಕಮಾಂಡ್-ಲೈನ್-ಆರ್ಗ್ಯುಮೆಂಟ್-ಲಿಸ್ಟ್*’ ಅನ್ನು ನೇರವಾಗಿ ಓದಿ.

ಸಿಲಿಸ್ಪ್ ಎಂಬ ಮತ್ತೊಂದು ಇಂಪ್ಲಿಮೆಂಟೇಶನ್‌ನಲ್ಲಿ ‘ಎಕ್ಸ್‌ಟ್:ಸೇವ್‌ಇನಿಟ್‌ಮೆಮ್’ಗೆ ‘:ಎಕ್ಸಿಕ್ಯೂಟಬಲ್ ಟಿ’ ಕೊಟ್ಟರೆ ಎಸ್‌ಬಿಸಿಎಲ್‌ನ ಹಾಗೆಯೇ ಅದೂ ಆಪ್ಷನ್‌ಗಳನ್ನು ತಾನೇ ಹಿಡಿದುಕೊಳ್ಳುತ್ತದೆ. ‘ಟಿ’ ಬದಲು ಸೊನ್ನೆ ಕೊಡಬೇಕು: ‘:ಎಕ್ಸಿಕ್ಯೂಟಬಲ್ 0’. ಆಗ ಎಲ್ಲವೂ ‘ಎಕ್ಸ್‌ಟ್:*ಆರ್ಗ್ಸ್*’ಗೆ ಬರುತ್ತದೆ. ಸಿಲಿಸ್ಪ್‌ನ ಸ್ವಂತ ಆಪ್ಷನ್ ಯಾವಾಗಲಾದರೂ ಬೇಕಾದರೆ ‘--ಸಿಲಿಸ್ಪ್-’ ಎಂಬ ಮುಂಪದ ಸೇರಿಸಿ ಕೊಡಬಹುದು. ಎಸ್‌ಬಿಸಿಎಲ್‌ನ ‘ಎಲ್ಲ ಇಲ್ಲವೇ ಏನೂ ಇಲ್ಲ’ ಎಂಬ ಏರ್ಪಾಡಿಗಿಂತ ಇದು ಚೆನ್ನಾಗಿದೆ.

ಲಿಸ್ಟ್ ಸರಿ, ಆದರೂ ಆಪ್ಷನ್ ಹಿಡಿಯುತ್ತಿಲ್ಲ

ಈಗ ಮಾತ್ರ ನಮ್ಮ ಸ್ವಂತ ಕೋಡಿನ ಸರದಿ.

ಬೈನರಿ ಶುರುವಾಗುತ್ತಿದ್ದಂತೆ ‘ಆರ್ಗ್ಯುಮೆಂಟ್‌ಗಳ ಸಂಖ್ಯೆ ತಪ್ಪು: 0’ ಎಂಬ ಅರ್ಥದ ದೋಷ ಬಂದು ಡಿಬಗರ್ ತೆರೆದರೆ, ಅದು ಹೇಳುತ್ತಿರುವುದು ಕಮಾಂಡ್ ಲೈನ್ ಬಗ್ಗೆ ಅಲ್ಲ. ‘:ಟಾಪ್‌ಲೆವೆಲ್’ಗೆ ಕೊಟ್ಟ ಫಂಕ್ಷನನ್ನು ಎಸ್‌ಬಿಸಿಎಲ್ ಏನೂ ಕೊಡದೆ ಕರೆಯುತ್ತದೆ. ಸಿ ಭಾಷೆಯ ಅಭ್ಯಾಸದಿಂದ ‘(ಡಿಫನ್ ಮೇನ್ (ಆರ್ಗ್‌ವಿ)’ ಎಂದು ಬರೆದಿದ್ದರೆ ಇದು ಖಂಡಿತ. ‘&ಆಪ್ಷನಲ್’ ಸೇರಿಸಿ, ಅಥವಾ ಒಂದು ಲ್ಯಾಂಬ್ಡಾದಲ್ಲಿ ಸುತ್ತಿ ಲಿಸ್ಟನ್ನು ಅಲ್ಲಿಂದ ದಾಟಿಸಿ. ಬಳಕೆದಾರರಿಗೆ ಡಿಬಗರ್ ತೋರಿಸುವುದು ಬೇಡವಾದರೆ ‘ಮೇನ್’ನ ಆರಂಭದಲ್ಲೇ ‘(ಎಸ್‌ಬಿ-ಎಕ್ಸ್‌ಟ್:ಡಿಸೇಬಲ್-ಡಿಬಗರ್)’ ಕರೆಯಿರಿ.

ಇನ್ನೊಂದು, ಪಾರ್ಸರನ್ನು ಕೈಯಿಂದಲೇ ಬರೆದವರಿಗೆ ಕಾದಿರುವಂಥದ್ದು:

(ಕೇಸ್ ಆರ್ಗ್
  ("--ವಿವರ" (ಸೆಟ್‌ಎಫ್ *ವಿವರ* ಟಿ)))

ಇದು ಯಾವತ್ತೂ ಹೊಂದುವುದಿಲ್ಲ. ‘ಕೇಸ್’ ಹೋಲಿಸುವುದು ‘ಇಕ್ಯೂಎಲ್’ನಿಂದ. ಅಕ್ಷರಗಳು ಒಂದೇ ಆಗಿದ್ದರೂ ಕಮಾಂಡ್ ಲೈನ್‌ನಿಂದ ಬಂದ ಸ್ಟ್ರಿಂಗ್ ಬೇರೆ ವಸ್ತು, ಕೋಡಿನಲ್ಲಿರುವುದು ಬೇರೆ ವಸ್ತು. ‘:ಟೆಸ್ಟ್’ ಕೊಡದ ‘ಮೆಂಬರ್’, ‘ಅಸೋಕ್’ ಎರಡಕ್ಕೂ ಇದೇ ಹಣೆಬರಹ. ‘ಕಾಂಡ್’ ಮತ್ತು ‘ಸ್ಟ್ರಿಂಗ್=’ ಬಳಸಿ, ಅಥವಾ ‘:ಟೆಸ್ಟ್ #'ಸ್ಟ್ರಿಂಗ್=’ ಸೇರಿಸಿ. ಕಂಪೈಲರ್ ದೋಷ ಎಂದು ನಿಲ್ಲಿಸುವುದಿಲ್ಲವಾದ್ದರಿಂದ ಇದು ಕಣ್ಣಿಗೆ ಬೀಳಲು ತಡವಾಗುತ್ತದೆ.

ಸಂಖ್ಯೆಗಳೂ ಸ್ಟ್ರಿಂಗ್ ಆಗಿಯೇ ಬರುತ್ತವೆ. ಅವನ್ನು ‘ರೀಡ್-ಫ್ರಮ್-ಸ್ಟ್ರಿಂಗ್’ನಿಂದ ಓದಬೇಡಿ. ‘#.’ ಎಂದು ಶುರುವಾಗುವ ಆರ್ಗ್ಯುಮೆಂಟ್ ಕೊಟ್ಟರೆ ಅದರ ಮುಂದಿರುವ ಕೋಡ್ ಓದುವಾಗಲೇ ಓಡುತ್ತದೆ. ‘ಪಾರ್ಸ್-ಇಂಟಿಜರ್’ ಇದೆ, ಅದು ಸಾಕು.

ಸ್ಥಾನದ ಮೇಲೆ ನಂಬಿಕೆ ಇಟ್ಟು ‘(ನ್ತ್ 3 ...)’ ಎಂದೆಲ್ಲ ಬರೆದ ಕೋಡ್ ಇದ್ದರೆ ಅದನ್ನೂ ಈಗಲೇ ತೆಗೆಯಿರಿ. ಆರ್‌ಇಪಿಎಲ್, ‘--ಸ್ಕ್ರಿಪ್ಟ್’, ಬೈನರಿ ಈ ಮೂರರಲ್ಲೂ ಮುಂದಿರುವ ಪದಗಳು ಒಂದೇ ಆಗಿರುತ್ತವೆ ಎಂದು ಕೂರುವಂತಿಲ್ಲ.

ಫೈಲ್ ಹೆಸರಿನ ಕಾಟ

ಆರ್ಗ್ಯುಮೆಂಟ್ ಸರಿಯಾಗಿ ಬಂದು, ‘ಓಪನ್’ ಮಾಡುವಾಗ ದೋಷ ಬಂದರೆ ಹೆಸರನ್ನು ಚೆನ್ನಾಗಿ ನೋಡಿ. ಅದರಲ್ಲಿ ಚೌಕ ಕಂಸ, ನಕ್ಷತ್ರ ಅಥವಾ ಪ್ರಶ್ನೆ ಚಿಹ್ನೆ ಇದೆಯಾ? ‘ವರದಿ[1].ಟಿಎಕ್ಸ್‌ಟಿ’ ಎಂಬ ಹೆಸರು ಶೆಲ್‌ಗೆ ಮಾಮೂಲಿ ಫೈಲ್. ಎಸ್‌ಬಿಸಿಎಲ್ ಮಾತ್ರ ಅದನ್ನು ವೈಲ್ಡ್‌ಕಾರ್ಡ್ ಎಂದು ಓದಿ, ವೈಲ್ಡ್ ಪಾಥ್‌ನೇಮ್ ತೆರೆಯಲಾಗದು ಎನ್ನುತ್ತದೆ. ಫೈಲ್‌ಗಳಿಗೆ ಇಂಥ ಹೆಸರು ಇರುವುದುಂಟು. ಕಮಾಂಡ್ ಲೈನ್‌ನಿಂದ ಬಂದ ಪ್ರತಿ ಫೈಲ್ ಹೆಸರನ್ನೂ ಮೊದಲು ‘ಎಸ್‌ಬಿ-ಎಕ್ಸ್‌ಟ್:ಪಾರ್ಸ್-ನೇಟಿವ್-ನೇಮ್‌ಸ್ಟ್ರಿಂಗ್’ ಮೂಲಕ ದಾಟಿಸಿ. ಯುಐಒಪಿಯಲ್ಲೂ ಇದೇ ಹೆಸರಿನ ಫಂಕ್ಷನ್ ಇದೆ.

ಕನ್ನಡದ ಫೈಲ್ ಹೆಸರು ಟರ್ಮಿನಲ್‌ನಲ್ಲಿ ಸರಿ ಇದ್ದು, ಕ್ರಾನ್‌ನಿಂದ (ನಿಗದಿತ ಸಮಯಕ್ಕೆ ಪ್ರೋಗ್ರಾಂ ಓಡಿಸುವ ವ್ಯವಸ್ಥೆ) ಓಡಿಸಿದಾಗ ಕಲಸುಮೇಲೋಗರ ಆದರೆ ಲೊಕೇಲ್ (ಭಾಷೆ ಮತ್ತು ಅಕ್ಷರ ಸಂಕೇತದ ಹೊಂದಿಕೆ) ನೋಡಿ. ಕ್ರಾನ್ ನಿಮ್ಮ ಲೊಕೇಲ್ ವೇರಿಯಬಲ್‌ಗಳನ್ನು ಕೊಡದಿರಬಹುದು. ಹಳೆಯ ಎಸ್‌ಬಿಸಿಎಲ್ ಅಂಥ ಕಡೆ ಬೈಟ್‌ಗಳನ್ನು ಲ್ಯಾಟಿನ್-1 ಎಂದು ಓದುತ್ತದೆ. ಪತ್ತೆಗೆ ಸ್ಟ್ರಿಂಗ್‌ನ ‘ಲೆಂತ್’ ಮುದ್ರಿಸಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್ ಪಾಯಿಂಟ್‌ಗೂ 3 ಬೈಟ್. ಬರೀ ಕನ್ನಡ ಅಕ್ಷರಗಳ ಹೆಸರಿನ ಉದ್ದ ಸರಿಯಾಗಿ ಮೂರು ಪಟ್ಟು ಬಂದರೆ ಬೇರೆ ಸಾಕ್ಷಿ ಬೇಡ. ಕ್ರಾನ್ ಸಾಲಿನಲ್ಲೇ ಯುಟಿಎಫ್-8 ಲೊಕೇಲ್ ಹೊಂದಿಸಿ, ಇಲ್ಲವೇ ಹೊಸ ಎಸ್‌ಬಿಸಿಎಲ್‌ನಲ್ಲಿ ಮತ್ತೆ ಬಿಲ್ಡ್ ಮಾಡಿ.

ಪ್ಯಾಕೇಜ್ ಮಾಡಿದ ಮೇಲೆ ಮಾತ್ರ ಕೆಟ್ಟರೆ

ನಿಮ್ಮ ಫೋಲ್ಡರ್‌ನಲ್ಲಿ ಬೈನರಿ ಸರಿ ಇದೆ. ಪ್ಯಾಕೇಜ್ ಆಗಿ ಇನ್‌ಸ್ಟಾಲ್ ಮಾಡಿದ ಮೇಲೆ ‘ಕೋರ್ ಫೈಲ್ ಸಿಗುತ್ತಿಲ್ಲ’ (ಕೋರ್ ಎಂದರೆ ಆ ಲಿಸ್ಪ್ ಇಮೇಜೇ) ಎನ್ನುತ್ತದೆ, ಅಥವಾ ಬರಿಯ ಎಸ್‌ಬಿಸಿಎಲ್‌ನಂತೆ ಪ್ರಾಂಪ್ಟ್ ತೆರೆಯುತ್ತದೆ. ಆರ್ಗ್ಯುಮೆಂಟ್‌ಗಳ ಮಾತೇ ಬೇಡ. ಎರಡೂ ಫೈಲ್‌ಗಳ ಗಾತ್ರ ಹೋಲಿಸಿ. ಇನ್‌ಸ್ಟಾಲ್ ಆದದ್ದು ತೀರಾ ಚಿಕ್ಕದಾಗಿದ್ದರೆ ಯಾರೋ ‘ಸ್ಟ್ರಿಪ್’ ಓಡಿಸಿದ್ದಾರೆ. ಡಿಬಗ್ ಮಾಹಿತಿ ತೆಗೆದು ಗಾತ್ರ ಇಳಿಸುವ ಆ ಟೂಲ್‌ಗೆ ಬಾಲದಲ್ಲಿರುವ ಇಮೇಜ್ ಏನೆಂದು ಗೊತ್ತಿಲ್ಲ, ಕತ್ತರಿಸಿ ಬಿಸಾಡುತ್ತದೆ. ಉಳಿಯುವುದು ಬರೀ ರನ್‌ಟೈಮ್. ಡೆಬಿಯನ್ ಪ್ಯಾಕೇಜಿಂಗ್‌ನ ‘ಡಿಎಚ್_ಸ್ಟ್ರಿಪ್’ ಈ ಕೆಲಸ ತಾನಾಗಿಯೇ ಮಾಡುತ್ತದೆ, ಆ ಫೈಲನ್ನು ಅದರಿಂದ ಹೊರಗಿಡಬೇಕು. ನಿಕ್ಸ್ ಎಂಬ ಪ್ಯಾಕೇಜ್ ಮ್ಯಾನೇಜರ್‌ನಲ್ಲಾದರೆ ‘ಡೋಂಟ್‌ಸ್ಟ್ರಿಪ್ = ಟ್ರೂ’ ಬರೆಯಿರಿ.

ಸ್ಕ್ರಿಪ್ಟ್‌ನಿಂದ ಬೈನರಿ ಕರೆಯುವವರು ಇದನ್ನೂ ಗಮನಿಸಬೇಕು. ತಪ್ಪು ಆಪ್ಷನ್ ಕೊಟ್ಟರೂ ಎಕ್ಸಿಟ್ ಕೋಡ್ (ಪ್ರೋಗ್ರಾಂ ಮುಗಿಯುವಾಗ ಕೊಡುವ ಸಂಖ್ಯೆ, 0 ಎಂದರೆ ಯಶಸ್ಸು) 0 ಬರುತ್ತಿದ್ದರೆ, ‘ಮೇನ್’ ಹಿಂದಿರುಗಿಸಿದ ಬೆಲೆಯೇ ಎಕ್ಸಿಟ್ ಕೋಡ್ ಎಂದು ಭಾವಿಸಿರುತ್ತೀರಿ. ಎಸ್‌ಬಿಸಿಎಲ್‌ನಲ್ಲಿ ಟಾಪ್‌ಲೆವೆಲ್ ಫಂಕ್ಷನ್ ಮುಗಿದರೆ ಕೋಡ್ ಯಾವಾಗಲೂ 0. ‘(ಎಸ್‌ಬಿ-ಎಕ್ಸ್‌ಟ್:ಎಕ್ಸಿಟ್ :ಕೋಡ್ 2)’ ಎಂದು ಬಾಯಿಬಿಟ್ಟು ಹೇಳಬೇಕು. ಅದಕ್ಕೆ ‘:ಅಬಾರ್ಟ್ ಟಿ’ ಸೇರಿಸಬೇಡಿ, ಬಫರ್‌ನಲ್ಲಿ ಉಳಿದ ದೋಷದ ಸಂದೇಶ ಹೊರಗೆ ಬರದೆಯೇ ಹೋಗಬಹುದು.

ಎಲ್ಲ ಸರಿಯಾದ ಮೇಲೆ, ಬಿಲ್ಡ್ ಸ್ಕ್ರಿಪ್ಟ್‌ನ ಕೊನೆಗೆ ಈ ಸಾಲುಗಳನ್ನು ಸೇರಿಸಿಡಿ:

./ಎಣಿಕೆ --ಹೆಲ್ಪ್
./ಎಣಿಕೆ --ವರ್ಶನ್
./ಎಣಿಕೆ --ವರ್ಶನ್ ಏನೋ
./ಎಣಿಕೆ "ಎರಡು ಪದ[1].ಟಿಎಕ್ಸ್‌ಟಿ"
./ಎಣಿಕೆ --ಇಲ್ಲದ-ಆಪ್ಷನ್

ಮೊದಲ ಮೂರರಲ್ಲಿ ಎಲ್ಲಿಯಾದರೂ ಎಸ್‌ಬಿಸಿಎಲ್ ಎಂಬ ಹೆಸರು ಕಂಡರೆ ಬಿಲ್ಡ್ ನಿಲ್ಲಲಿ. ನಾಲ್ಕನೆಯದಕ್ಕೆ ಆ ಹೆಸರಿನ ಒಂದು ಫೈಲನ್ನು ಮೊದಲೇ ಮಾಡಿಟ್ಟಿರಬೇಕು. ಐದನೆಯದರ ಎಕ್ಸಿಟ್ ಕೋಡ್ 0 ಆಗಿರಬಾರದು. ಇವನ್ನು ಓಡಿಸುವುದು ಪ್ಯಾಕೇಜ್ ಆಗಿ ಇನ್‌ಸ್ಟಾಲ್ ಆದ ಬೈನರಿಯ ಮೇಲೆ, ಬಿಲ್ಡ್ ಫೋಲ್ಡರ್‌ನಲ್ಲಿರುವುದರ ಮೇಲಲ್ಲ.